ಸಿನಿಮಾ, ಬಿಗ್ ಬಾಸ್, ರೀಲ್ಸ್‌ನಿಂದ ನಿಮ್ಮ ಓಣಿಗೆ ಬಂದ ಹೊಸ ಮಾತು ಯಾವುದು? ಬಳ್ಳಾರಿ, ರಾಯಚೂರು, ಕೊಪ್ಪಳದವರು ಬರೆಯಿರಿ

ಕೌಲ್‌ಬಜಾರ್ ಓದುಗ

ಎಲ್ಲರಿಗೂ ನಮಸ್ಕಾರ. ಸಿನಿಮಾ, ಟಿವಿ, ಕ್ರಿಕೆಟ್, ರೀಲ್ಸ್‌ನಿಂದ ಬಂದು ನಿಮ್ಮ ಮನೆ ಮಂದಿ ಬಾಯಲ್ಲಿ ಕೂತುಬಿಟ್ಟಿರುವ ಮಾತು ಯಾವುದು? ಬೆಂಗಳೂರಿನ ಹುಡುಗರು ಹೇಗೆ ಮಾತಾಡುತ್ತಾರೆ ಅಂತ ಪೇಪರ್‌ನಲ್ಲೂ ಬರುತ್ತೆ, ಸಿನಿಮಾದಲ್ಲೂ ಬರುತ್ತೆ. ಅದೇ ಮಾತು ನಮ್ಮ ಕಡೆ ಬಂದು ಏನಾಗುತ್ತೆ ಅನ್ನೋದನ್ನು ಯಾರೂ ಬರೆದಿಡಲ್ಲ. ಇಂಥ ಮಾತಿಗೆ ಆಯುಷ್ಯ ಕಡಿಮೆ. ಬರೆದಿಡದಿದ್ದರೆ ಅದು ಇತ್ತು ಅನ್ನೋದೇ ನೆನಪಿರಲ್ಲ.

ನನ್ನದು ‘ಅಣ್ತಮ್ಮ’. 2014ರ ಕೊನೆಯಲ್ಲಿ ಬಂದ ಯಶ್ ಸಿನಿಮಾದ ಹಾಡಿನಿಂದ ನಮ್ಮ ಊರಲ್ಲಿ ಇದು ಓಡಿತು. ಅದಕ್ಕೆ ಮೊದಲು ಗೆಳೆಯನನ್ನು ‘ದೋಸ್ತ’ ಅಂತಿದ್ದೆವು. ಸಲಿಗೆ ಇದ್ದರೆ ‘ಮಾವ’, ಇನ್ನೂ ಹತ್ತಿರದವನಾದರೆ ಬರೀ ‘ಲೇ’. ಆದರೆ ಗೊತ್ತಿಲ್ಲದವನನ್ನು ಏನಂತ ಕರೆಯೋದು? ಬಸ್ ಸ್ಟ್ಯಾಂಡಿನಲ್ಲಿ ದಾರಿಗೆ ಅಡ್ಡ ಬೈಕ್ ನಿಲ್ಲಿಸಿಕೊಂಡವನು ನಮಗಿಂತ ದೊಡ್ಡವನೋ ಚಿಕ್ಕವನೋ ತಿಳಿಯಲ್ಲ. ಅಣ್ಣ ಅಂದರೆ ಮುಖ ಸಣ್ಣದು ಮಾಡುತ್ತಾನೆ, ತಮ್ಮ ಅಂದರೆ ಸಿಟ್ಟಾಗುತ್ತಾನೆ. ‘ಅಣ್ತಮ್ಮ, ಸ್ವಲ್ಪ ಗಾಡಿ ಸರಿಸು’ ಅಂದರೆ ಮುಗೀತು. ಸ್ಟಾರ್‌ನಿಂದ ಬಂದ ಮಾತು ಸ್ಟಾರ್‌ನ ಹಂಗು ಬಿಟ್ಟು ನಿಂತಿದ್ದು ಈ ಕಾರಣಕ್ಕೆ ಅನ್ನಿಸುತ್ತೆ. ನಮಗೆ ಅದರ ಅಗತ್ಯ ಇತ್ತು.

ನಿಮ್ಮ ಊರಿನದು ಹೇಳಿ. ಎಲ್ಲಿಂದ ಬಂತು, ಯಾರು ಯಾರಿಗೆ ಅಂತಾರೆ, ಅದೂ ಬರಲಿ.

ಸಿಂಧನೂರು ರೇಡಿಯಂ

ಒಳ್ಳೆ ವಿಷಯ ಎತ್ತಿದಿರಿ ಅಣ್ಣ. ನನ್ನದು ರೇಡಿಯಂ ಕಟಿಂಗ್ ಅಂಗಡಿ. ನಂಬರ್ ಪ್ಲೇಟಿನಿಂದ ಹಿಡಿದು ಟ್ರ್ಯಾಕ್ಟರ್ ಟ್ರಾಲಿ ಹಿಂದಿನ ಬರಹದ ತನಕ ಎಲ್ಲ ಮಾಡುತ್ತೇನೆ. ಯಾವ ಮಾತು ಓಡುತ್ತಿದೆ, ಯಾವುದು ನಿಂತಿತು ಅನ್ನೋದು ಕೌಂಟರ್ ಮುಂದೆ ನಿಂತವರ ಬಾಯಿಂದಲೇ ನನಗೆ ಗೊತ್ತಾಗುತ್ತೆ.

2018ರ ಡಿಸೆಂಬರ್‌ನಲ್ಲಿ ಕೆಜಿಎಫ್ ಬಂತು. ಆಮೇಲೆ ಎಷ್ಟೋ ದಿನ ‘ಸಲಾಂ ರಾಕಿ ಭಾಯ್’ ಬಿಟ್ಟು ಬೇರೆ ಕೇಳಿದವರೇ ಕಡಿಮೆ. ಅದಕ್ಕೂ ಮುಂಚೆ ‘ನಮ್ದೇ ಹವಾ’ ಜಾಸ್ತಿ ಇತ್ತು. 2021ರ ಅಕ್ಟೋಬರ್ 29ಕ್ಕೆ ಪುನೀತ್ ತೀರಿಕೊಂಡರು. ಅವತ್ತಿನಿಂದ ‘ಅಪ್ಪು’, ‘ರಾಜರತ್ನ’. ಇದನ್ನು ಉಳಿದವುಗಳ ಜೊತೆ ಸೇರಿಸಬೇಡಿ. ಸಿನಿಮಾನೇ ನೋಡದ ಹಿರಿಯರು ಕೂಡ ಟ್ರಾಲಿ ತಂದು ಹಾಕಿಸಿಕೊಂಡು ಹೋದರು. ಹಣ ತಗೊಳ್ಳೋಕೆ ನನಗೇ ಮನಸ್ಸಾಗಲಿಲ್ಲ.

ಒಂದು ವಿಷಯ ಹೇಳುತ್ತೇನೆ. ಹಳೇ ಸ್ಟಿಕರ್ ತೆಗೆಯೋಕೆ ಬಿಸಿ ಗಾಳಿ ಹಿಡಿದು ಅಂಚಿನಿಂದ ನಿಧಾನಕ್ಕೆ ಎಬ್ಬಿಸಬೇಕು. ಅಂಟು ಉಳಿದರೆ ಬಟ್ಟೆಗೆ ಪೆಟ್ರೋಲ್ ಹಚ್ಚಿ ಒರೆಸಬೇಕು. ನಮ್ಮ ಕಡೆ ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿರುತ್ತೆ, ಅಕ್ಷರದ ಕೆಳಗಿನದು ಮಾತ್ರ ಹೊಸದಾಗೇ ಇರುತ್ತೆ. ಹಾಗಾಗಿ ಸ್ಟಿಕರ್ ತೆಗೆದ ಮೇಲೂ ಮಾತು ಓದಬಹುದು. ಒಂದು ಟ್ರಾಲಿ ಹಲಗೆ ಮೇಲೆ ‘ಹವಾ’ ನೆರಳು, ಅದರ ಮೇಲೆ ‘ರಾಕಿ ಭಾಯ್’ ನೆರಳು, ಅದರ ಮೇಲೆ ನಾನು ಹೊಸದಾಗಿ ಅಂಟಿಸಿದ್ದು. ಇದ್ಯಾವುದೂ ಡಿಕ್ಷನರಿಯಲ್ಲಿ ಇರಲ್ಲ, ಅಲ್ವಾ?

ಈಚೆಗೆ ಜಾಸ್ತಿ ಕೇಳುವುದು ‘ಜವಾರಿ ಹುಡುಗ’.

ತೀನ್ ಕಂದೀಲ್ ಮೇಷ್ಟ್ರು

ರೇಡಿಯಂ ಅಂಗಡಿಯವರೇ, ನಿಮ್ಮ ಮಾತು ಎರಡು ಸಲ ಓದಿದೆ. ದಯವಿಟ್ಟು ಹಳೇ ಸ್ಟಿಕರ್ ತೆಗೆಯುವ ಮುಂಚೆ ಒಂದು ಫೋಟೋ ತೆಗೆದಿಡಿ.

ನಾನು ರಾಯಚೂರಿನಲ್ಲಿ ಕನ್ನಡ ಪಾಠ ಮಾಡಿದವನು. ಹೊಸ ಮಾತು ಬಂದಾಗಲೆಲ್ಲ ‘ಭಾಷೆ ಕೆಟ್ಟಿತು’ ಅನ್ನುವವರನ್ನು ಬಹಳ ನೋಡಿದ್ದೇನೆ. ಅವರಿಗೆ ನಾನು ಕೇಳುವುದು ಒಂದೇ. ‘ಖಬರಗೇಡಿ’ ಯಾವ ಭಾಷೆ? ‘ಖಬರ್’ ಉರ್ದುವಿನಿಂದ ಬಂತು, ‘ಗೇಡಿ’ ನಮ್ಮದು. ನಮ್ಮ ಅಜ್ಜಿ ಬೈಯುವಾಗ ಇದು ಕನ್ನಡವೋ ಉರ್ದುವೋ ಅಂತ ಯೋಚನೆ ಮಾಡಲಿಲ್ಲ. ‘ಧಿಮಾಕು’, ‘ಮಜಾ’, ‘ಬೇಕಾರ್’ ಎಲ್ಲ ಹೀಗೇ ಬಂದವು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಕೈಯಲ್ಲಿದ್ದವು. ಕಚೇರಿಯ ಭಾಷೆ ಉರ್ದು, ಸಂತೆಯ ಭಾಷೆ ಮೂರು ನಾಲ್ಕು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಆ ಕಡೆ ಈ ಕಡೆ ಸರಿಯಿತು, ನೆಂಟಸ್ತನ ಹಾಗೇ ಉಳಿಯಿತು, ಮಾತೂ ಉಳಿಯಿತು.

ಹೊಸ ಮಾತು ಬರುವುದು ನನಗೆ ಚಿಂತೆಯಲ್ಲ. ಹುಡುಗರ ಹತ್ತಿರ ಮೊದಲಿದ್ದ ಮಾತು ಹೋಗುವುದು ಚಿಂತೆ. ಹಿಂದೆ ಚಂದ ಇದ್ದದ್ದಕ್ಕೆ ಒಂದು ಮಾತು, ರುಚಿ ಇದ್ದದ್ದಕ್ಕೆ ಒಂದು, ಜೋರಾಗಿದ್ದಕ್ಕೆ ಇನ್ನೊಂದು ಇತ್ತು. ಈಗ ಸಿನಿಮಾನೂ ‘ಬೆಂಕಿ’, ಮಿರ್ಚಿನೂ ‘ಬೆಂಕಿ’, ಹೊಸ ಅಂಗಿನೂ ‘ಬೆಂಕಿ’. ಇದಕ್ಕೆ ಹುಡುಗರನ್ನು ಬೈಯಬೇಕಾಗಿಲ್ಲ. ಉಳಿದ ಮಾತನ್ನು ಅವರ ಕಿವಿಗೆ ಹಾಕದವರು ನಾವು, ದೊಡ್ಡವರು.

ಜೀನ್ಸ್ ಯೂನಿಟ್ ಅಕ್ಕ

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮಾತು ‘ಕಳಪೆ’.

ಕಳಪೆ ಬೀಜ, ಕಳಪೆ ಗೊಬ್ಬರ, ಕಳಪೆ ರಸ್ತೆ ಅಂತ ಮೊದಲಿನಿಂದ ಇತ್ತು. ಮನುಷ್ಯರಿಗೆ ಅಂಟಿದ್ದು ಬಿಗ್ ಬಾಸ್‌ನಿಂದ. ಅಲ್ಲಿ ವಾರಕ್ಕೊಮ್ಮೆ ಮನೆಯವರೇ ಸೇರಿ ಒಬ್ಬರನ್ನು ‘ಉತ್ತಮ’, ಒಬ್ಬರನ್ನು ‘ಕಳಪೆ’ ಅಂತ ಆರಿಸುತ್ತಾರೆ. ಕಳಪೆ ಆದವರು ಜೈಲಿಗೆ ಹೋಗಬೇಕು. ಶನಿವಾರ ಸುದೀಪ್ ಬಂದು ಯಾರಿಗಾದರೂ ಚಪ್ಪಾಳೆ ಕೊಡುತ್ತಾರೆ, ಅದು ‘ಕಿಚ್ಚನ ಚಪ್ಪಾಳೆ’.

ನಮ್ಮಲ್ಲಿ ಒಂದು ಸಾಲಿನಲ್ಲಿ ಮಷಿನ್ ಹಾಕಿಕೊಂಡು ಕೂರುತ್ತೇವೆ. ಒಬ್ಬಳು ಪಾಕೆಟ್, ಒಬ್ಬಳು ಓವರ್‌ಲಾಕ್, ಒಬ್ಬಳು ಝಿಪ್. ಚೆಕಿಂಗ್‌ನಲ್ಲಿ ಹೊಲಿಗೆ ತಪ್ಪಿದ ಪೀಸು ವಾಪಸ್ ಬಂದರೆ ಅದಕ್ಕೆ ‘ಆಲ್ಟರ್’ ಅಂತೀವಿ. ಸಂಜೆ ಯಾರ ಆಲ್ಟರ್ ಜಾಸ್ತಿಯೋ ಅವತ್ತಿನ ಕಳಪೆ ಅವಳು. ಮಾರನೇ ದಿನ ಎಲ್ಲರಿಗೂ ಚಹಾ ಅವಳ ಲೆಕ್ಕ. ಮೊದಲು ಆಲ್ಟರ್ ಬಂದರೆ ಮುಖ ಊದಿಸಿಕೊಂಡು ಕೂರುತ್ತಿದ್ದೆವು, ‘ಥ್ರೆಡ್ ಸರಿ ಇರಲಿಲ್ಲ’, ‘ಮಾಸ್ಟರ್ ಕಟಿಂಗ್ ಸರಿ ಇರಲಿಲ್ಲ’ ಅಂತ ಜಗಳ. ಈಗ ‘ಇವತ್ತು ನಾನೇ ಕಳಪೆ ಕಣ್ರೆ’ ಅಂತ ತಾನೇ ಹೇಳಿ ನಗುತ್ತಾರೆ.

ಆದರೆ ಈ ಮಾತು ಮನೆಗೆ ಹೋದರೆ ಬೇರೆ. ನನ್ನ ತಂಗಿ ಮಗ ಪರೀಕ್ಷೆಯಲ್ಲಿ ಕಡಿಮೆ ಅಂಕ ತಗೊಂಡ. ಅವನ ಅಣ್ಣ ಎಲ್ಲರ ಮುಂದೆ ಕಳಪೆ ಅಂದ. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಮಾನರ ನಡುವೆ ನಡೆಯುವ ಮಾತು ಮೇಲಿನವರು ಕೆಳಗಿನವರಿಗೆ ಅಂದರೆ ಚುಚ್ಚುತ್ತೆ.

ಸಿರುಗುಪ್ಪ ಭತ್ತದವ

ತೆಲುಗು ಬಗ್ಗೆ ಯಾರೂ ಬರೆದೇ ಇಲ್ಲವಲ್ಲ! ಸಿರುಗುಪ್ಪ, ಗಂಗಾವತಿ, ಸಿಂಧನೂರು ಅಂದರೆ ಕ್ಯಾಂಪುಗಳ ಸೀಮೆ. ತುಂಗಭದ್ರಾ ಡ್ಯಾಂ ಆಗಿ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಭತ್ತ ಹಚ್ಚಿದ ರೈತರ ಊರುಗಳೇ ಕ್ಯಾಂಪುಗಳು. ನಾನು ಮನೆಯಲ್ಲಿ ಕನ್ನಡ, ಗದ್ದೆಯಲ್ಲಿ ತೆಲುಗು ಮಾತಾಡಿಕೊಂಡು ಬೆಳೆದವನು.

2021ರ ಡಿಸೆಂಬರ್‌ನಲ್ಲಿ ಪುಷ್ಪ ಬಂತು. ಅಲ್ಲು ಅರ್ಜುನ್ ಗಡ್ಡದ ಕೆಳಗೆ ಕೈ ಸವರಿಕೊಂಡು ‘ತಗ್ಗೇದೇ ಲೇ’ ಅಂದದ್ದು ದೇಶಕ್ಕೆಲ್ಲ ಗೊತ್ತು. ಅದು ಚಿತ್ತೂರು ಕಡೆಯ ತೆಲುಗು. ನಮ್ಮವರಿಗೆ ಅನುವಾದ ಬೇಕಾಗಲಿಲ್ಲ. ತಗ್ಗು ಅನ್ನೋದು ಎರಡು ಭಾಷೆಯಲ್ಲೂ ಇದೆ. ಭತ್ತದ ರೇಟು ಕಡಿಮೆ ಕೇಳಿದ ದಲ್ಲಾಳಿಗೆ ನಮ್ಮ ಚಿಕ್ಕಪ್ಪ ಗಡ್ಡ ಸವರಿ ತೋರಿಸುತ್ತಾರೆ, ಮಾತೂ ಬೇಡ. ಎದುರಿನವನು ನಕ್ಕು ಹತ್ತು ರೂಪಾಯಿ ಏರಿಸುತ್ತಾನೆ. ಮಾತಿನ ಜೊತೆ ಕೈ ಸನ್ನೆನೂ ಸ್ಲ್ಯಾಂಗ್ ಆಗುತ್ತೆ ಅಂತ ನನಗೆ ಗೊತ್ತಾಗಿದ್ದು ಹೀಗೆ.

‘ಎಲಿವೇಶನ್’ ಅನ್ನೋದೂ ತೆಲುಗು ಅಭಿಮಾನಿಗಳಿಂದ ಬಂದದ್ದು. ಹೀರೊ ಬರುವ ಮುಂಚೆ ಬೇರೆಯವರು ಅವನನ್ನು ಹೊಗಳಿ ಎತ್ತರಕ್ಕೆ ಏರಿಸುತ್ತಾರಲ್ಲ, ಅದು. ನಾವು ‘ಬಿಲ್ಡಪ್’ ಅಂತಿದ್ದದ್ದು. ಮದುವೆ ಮಾತುಕತೆಯಲ್ಲಿ ಹುಡುಗನ ಸೋದರಮಾವ ಹೊಗಳೋಕೆ ಶುರು ಮಾಡಿದರೆ ಹಿಂದೆ ಕೂತವರು ‘ಎಲಿವೇಶನ್ ಜಾಸ್ತಿ ಆಯ್ತು’ ಅಂತಾರೆ.

ತೀನ್ ಕಂದೀಲ್ ಮೇಷ್ಟ್ರು

ಎಲಿವೇಶನ್ ಹೆಸರು ಹೊಸದು, ಪದ್ಧತಿ ನಮ್ಮದೇ. ಬಯಲಾಟದಲ್ಲಿ ರಾಜ ಕುಣಿಯುತ್ತಾ ರಂಗಕ್ಕೆ ಬಂದರೆ ಸಾರಥಿ ಎದುರು ನಿಂತು ‘ತಾವು ದಾರು?’ ಅಂತ ಕೇಳುತ್ತಾನೆ. ಅಲ್ಲಿಂದ ರಾಜ ತನ್ನ ವಂಶ, ಪರಾಕ್ರಮ ಎಲ್ಲ ಬಿಚ್ಚುತ್ತಾನೆ. ನಾವು ಚಿಕ್ಕವರಿದ್ದಾಗ ಯಾರಾದರೂ ಹೊಸ ಅಂಗಿ ಹಾಕಿಕೊಂಡು ಬಂದರೆ ‘ತಾವು ದಾರು?’ ಅಂತಲೇ ಕೇಳುತ್ತಿದ್ದೆವು. ಅದು ನಮ್ಮ ಕಾಲದ ಮನರಂಜನೆಯ ಸ್ಲ್ಯಾಂಗ್.

ಗಂಗಾವತಿ ತಾಯಿ

ನನ್ನ ಮಗಳು ಎಂಟನೇ ತರಗತಿ. ಅವಳ ಮಾತು ಅರ್ಥ ಆಗಬೇಕು ಅಂದರೆ ನಾನು ಪಾಠಕ್ಕೆ ಕೂರಬೇಕು. ‘ರಿಜ್’ ಅಂದರೆ ಎದುರಿನವರನ್ನು ಮಾತಲ್ಲೇ ಸೆಳೆಯುವ ಗುಣ. 2023ರಲ್ಲಿ ಆಕ್ಸ್‌ಫರ್ಡ್‌ನವರು ಅದನ್ನೇ ವರ್ಷದ ಪದ ಅಂತ ಆರಿಸಿದರು. ‘ಡೆಲುಲು’ ಅಂದರೆ ಭ್ರಮೆಯಲ್ಲಿ ಇರುವವರು, ಅದು ಕೊರಿಯಾದ ಪಾಪ್ ಸಂಗೀತದ ಅಭಿಮಾನಿಗಳಿಂದ ಬಂದದ್ದು. ‘ಸ್ಕಿಬಿಡಿ’ ಒಂದು ಯೂಟ್ಯೂಬ್ ಸರಣಿಯಿಂದ. ಇವೆರಡನ್ನೂ 2025ರಲ್ಲಿ ಕೇಂಬ್ರಿಡ್ಜ್ ಡಿಕ್ಷನರಿಯವರು ಸೇರಿಸಿಕೊಂಡರು. ‘ಸಿಕ್ಸ್ ಸೆವೆನ್’ ಅಂತ ಕೂಗಿ ಕೈ ಮೇಲೆ ಕೆಳಗೆ ಮಾಡುತ್ತಾರೆ. ಅದು ಅಮೆರಿಕದ ಒಂದು ರ‍್ಯಾಪ್ ಹಾಡಿನಿಂದ ಬಂದದ್ದು, ಅರ್ಥ ಏನೂ ಇಲ್ಲ. ಗಣಿತದ ಟೀಚರ್ ಬೋರ್ಡ್ ಮೇಲೆ 67 ಬರೆದರೆ ಸಾಕು, ಇಡೀ ಕ್ಲಾಸು ಗಲಾಟೆ.

ಇದೆಲ್ಲ ಇರಲಿ, ಮಕ್ಕಳು ಖುಷಿಪಡುತ್ತಾರೆ. ಚೆಂದ ಅಂದರೆ, ಅವಳು ಕನ್ನಡ ಬಿಡುವುದಿಲ್ಲ. ‘ಅಮ್ಮ, ಅಜ್ಜಿ ಆರಾ ಭಾರಿ ಐತೆ’ ಅಂತಾಳೆ. ‘ಆರಾ’ ಅಂದರೆ ಇಂಗ್ಲಿಷಿನ aura, ಒಬ್ಬರ ಗತ್ತು, ಕಳೆ. ನಮ್ಮ ಅತ್ತೆ ಅದನ್ನು ಆರತಿಗೆ ಸಂಬಂಧಪಟ್ಟದ್ದು ಅಂದುಕೊಂಡು ಆಶೀರ್ವಾದ ಮಾಡುತ್ತಾರೆ.

ನನಗೆ ಸಿಟ್ಟು ಇರುವುದು ಬೇರೆ ಕಡೆ. ‘ಆಂಟಿ’. ಇದು ಗೌರವದಿಂದ ಕರೆಯುವ ಮಾತಾಗಿತ್ತು. ಈಗ ಯಾವ ಹೆಂಗಸು ರೀಲ್ ಹಾಕಲಿ, ಕೆಳಗೆ ಹುಡುಗರು ‘ಆಂಟಿ’ ಅಂತ ಬರೆದು ನಗುವ ಗುರುತು ಹಾಕುತ್ತಾರೆ. ಮೂವತ್ತು ವರ್ಷ ಆಗಿರಲ್ಲ ಪಾಪ. ‘ಫಿಗರ್’, ‘ಐಟಂ’ ಸಿನಿಮಾದಿಂದಲೇ ಬಂದವು, ಎಷ್ಟೋ ವರ್ಷ ಹೀರೊಗಳೇ ಬಾಯಿ ತುಂಬ ಹೇಳಿದರು. ಹೊಸ ಮಾತು ಸಂಗ್ರಹ ಮಾಡೋಣ ಅಂದರೆ ಇವನ್ನೂ ಬರೆಯಬೇಕು. ಜೊತೆಗೆ ಇದು ಯಾರನ್ನು ಕೀಳು ಮಾಡುತ್ತೆ ಅಂತಲೂ ಬರೆಯಬೇಕು. ತಮಾಷೆ ಅಂತ ಬಿಟ್ಟುಬಿಟ್ಟರೆ ನಾನು ಒಪ್ಪಲ್ಲ.

ಕೌಲ್‌ಬಜಾರ್ ಓದುಗ

ಅಕ್ಕ, ನಿಮ್ಮ ಮಾತು ಪೂರ್ತಿ ಒಪ್ಪಿದೆ. ಜಾತಿ ಹೆಸರು, ಕಸುಬಿನ ಹೆಸರು ಹಿಡಿದು ಆಡುವ ಟ್ರೋಲ್ ಮಾತುಗಳಿಗೂ ಇದೇ ನಿಯಮ ಇರಲಿ.

ಕೊಪ್ಪಳ ಕೋಟೆ

ಎಲ್ಲರೂ ಬಂದ ಮಾತಿನ ಬಗ್ಗೆಯೇ ಬರೆದಿದ್ದೀರಿ. ನಮ್ಮ ಕಡೆಯಿಂದ ಹೋದ ಮಾತು ಎಷ್ಟು? ನನ್ನ ಸಂಕಟ ಇದು. ಬೆಂಗಳೂರಿನ ‘ಗುರು’, ‘ಮಗಾ’, ‘ಸಖತ್’ ನಮ್ಮ ಹಳ್ಳಿ ತನಕ ಬಂದವು. ನಮ್ಮ ‘ಬರೋಬ್ಬರಿ’, ‘ಹೈರಾಣ’ ಅಲ್ಲಿಗೆ ಹೋದರೆ ಜನ ನಗುತ್ತಾರೆ. ಸಿನಿಮಾದಲ್ಲಿ ಉತ್ತರ ಕರ್ನಾಟಕದವನು ಅಂದರೆ ನಗಿಸುವ ಪಾತ್ರ. ಯಾವ ಊರು ಅಂತಲೂ ಇಲ್ಲ. ಎಲ್ಲರಿಗೂ ಒಂದೇ ‘ಬರ್ರಿ, ಹೋಗ್ರಿ, ನಿನ್ನೌನ’. ಧಾರವಾಡದ ‘ಐತಿ’ ಬೇರೆ, ರಾಯಚೂರು, ಕಲಬುರಗಿ ಕಡೆಯ ‘ಅದ’ ಬೇರೆ, ಬಳ್ಳಾರಿಯವರ ಮಾತಿನ ಓಟವೇ ಬೇರೆ. ಅದು ಯಾರಿಗೂ ಬೇಕಿಲ್ಲ.

ಆದರೂ ದಾರಿ ತೆರೆದವರು ಇದ್ದಾರೆ. ಗಂಗಾವತಿ ಪ್ರಾಣೇಶ್ ಅವರು ನಮ್ಮ ಮಾತಲ್ಲೇ ನಿಂತು ಇಡೀ ರಾಜ್ಯವನ್ನು ನಗಿಸಿದರು. ಅಲ್ಲಿ ಜನ ನಗುವುದು ಮಾತಿನ ಚುರುಕಿಗೆ. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಕುರಿಗಾಹಿ ಹುಡುಗ ಹನುಮಂತ ಬಿಗ್ ಬಾಸ್ 11ನೇ ಸೀಸನ್ ಗೆದ್ದ. ತನ್ನ ಊರಿನ ಮಾತನ್ನು ಒಂದು ದಿನವೂ ತಿದ್ದಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಅವತ್ತು ರಾತ್ರಿ ಯಾರೂ ಮಲಗಲಿಲ್ಲ.

ಮತ್ತೆ ‘ಜವಾರಿ’. ಮೊದಲು ಅದು ಕೋಳಿಗೆ, ಟಮಾಟೆಗೆ, ಹತ್ತಿಗೆ ಇತ್ತು. ಹೈಬ್ರಿಡ್ ಬಂದ ಮೇಲೆ ನಾಟಿ ತಳಿಯನ್ನು ಬೇರೆ ಮಾಡಿ ಹೇಳಬೇಕಾಯಿತು. ಈಗ ಜವಾರಿ ಕಾಮಿಡಿ, ಜವಾರಿ ಹಾಡು, ಜವಾರಿ ಹುಡುಗಿ. ಡಿಜೆ ಜಾನಪದ ಹಾಡುಗಳಲ್ಲಿ ‘ಡ್ರೈವರ’, ‘ಲವರ’, ‘ಮೊಬೈಲ’ ಅಂತ ಕೊನೆಗೆ ನಮ್ಮ ಸ್ವರ ಎಳೆದು ಹಾಡುತ್ತಾರೆ. ಇಂಗ್ಲಿಷ್ ಮಾತು ನಮ್ಮ ಓಣಿಯ ಮಾತೇ ಆಗಿಬಿಡುತ್ತೆ. ಇದನ್ನು ಕೀಳು ಅಭಿರುಚಿ ಅಂತ ತಳ್ಳುವವರು ಒಮ್ಮೆ ಜಾತ್ರೆಯಲ್ಲಿ ನಿಂತು ಕೇಳಲಿ.

ಹಟ್ಟಿ ಕ್ವಾರ್ಟರ್ಸ್

ಕೆಜಿಎಫ್ ಹೆಸರು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೋಲಾರದ ಗಣಿ 2001ರಲ್ಲೇ ಮುಚ್ಚಿತು. ಚಿನ್ನ ಈಗಲೂ ತೆಗೆಯುವುದು ನಮ್ಮ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ. ಸಿನಿಮಾ ಬಂದ ಮೇಲೆ ಹಾಸ್ಟೆಲ್‌ನಲ್ಲಿ ನನ್ನ ಹೆಸರೇ ‘ರಾಕಿ ಭಾಯ್’ ಆಯಿತು. ಅಪ್ಪ ಶಾಫ್ಟ್‌ನಲ್ಲಿ ಇಳಿದು ಕೆಲಸ ಮಾಡಿ ಬರುತ್ತಾರೆ. ಅವರ ಹೆಲ್ಮೆಟ್ ದೀಪ, ಶಿಫ್ಟಿನ ಸೈರನ್ ಬಗ್ಗೆ ಹೇಳಿದರೆ ಯಾರಿಗೂ ಬೇಡ, ಬಂದೂಕು ಎಲ್ಲಿ ಅಂತ ಕೇಳುತ್ತಾರೆ. ಸಿನಿಮಾ ಕೊಟ್ಟ ಹೆಸರಿನಿಂದ ನಮ್ಮ ಊರಿನ ನಿಜವಾದ ಕೆಲಸ ಮರೆಯಾಯಿತು ಅಂತ ನನಗೆ ಬೇಜಾರಿದೆ.

ಮಾನ್ವಿ ಕೊನೆಭಾಗ

‘ಈ ಸಲ ಕಪ್ ನಮ್ದೇ’ ಬಗ್ಗೆ ಯಾರೂ ಬರೆದಿಲ್ಲ, ಆಶ್ಚರ್ಯ. ಆರ್‌ಸಿಬಿ ಹುಡುಗಿಯರು 2024ರ ಮಾರ್ಚ್‌ನಲ್ಲಿ ಗೆದ್ದಾಗ ‘ನಮ್ದೇ’ ಹೋಗಿ ‘ಈ ಸಲ ಕಪ್ ನಮ್ದು’ ಆಯಿತು. ಹುಡುಗರು ಗೆದ್ದದ್ದು 2025ರ ಜೂನ್ 3ಕ್ಕೆ.

ನಮ್ಮ ಕಡೆ ಇದು ನೀರಿನ ಮಾತು. ಎಡದಂಡೆ ಕಾಲುವೆಯ ಕೊನೆಭಾಗದವರು ನಾವು. ಮೇಲಿನವರು ತುಂಬಿಸಿಕೊಂಡ ಮೇಲೆ ಉಳಿದರೆ ನಮಗೆ. ಪ್ರತಿ ವರ್ಷ ಡ್ಯಾಂ ತುಂಬುವ ಸುದ್ದಿ ಬಂದರೆ ‘ಈ ಸಲ ನೀರು ನಮ್ದೇ’ ಅಂತ ಸ್ಟೇಟಸ್ ಇಡುತ್ತೇವೆ. 2024ರ ಆಗಸ್ಟ್‌ನಲ್ಲಿ ಡ್ಯಾಂನ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆ ರಾತ್ರಿ ನಮ್ಮ ಊರಿನ ಗ್ರೂಪಿಗೆ ಒಬ್ಬರು ‘ಈ ಸಲ ನೀರು ನಮ್ದಲ್ಲ’ ಅಂತ ಹಾಕಿದರು. ಯಾರೂ ಉತ್ತರ ಬರೆಯಲಿಲ್ಲ. ಆ ವಾರದಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು, ಮಳೆಯೂ ಬಂತು, ಡ್ಯಾಂ ಮತ್ತೆ ತುಂಬಿತು. ಕ್ರಿಕೆಟ್ಟಿನ ಒಂದು ಘೋಷಣೆ ಹೊಲದವನ ಹೊಟ್ಟೆಯ ಮಾತಾಗಿದ್ದನ್ನು ನಾನು ಕಣ್ಣಾರೆ ನೋಡಿದೆ.

ಕುಷ್ಟಗಿ ಕಾಲೇಜು

ಒಂದು ಸಣ್ಣದು. ‘ಕರಿಮಣಿ ಮಾಲೀಕ’. ಹಾಡು 1999ರ ಉಪೇಂದ್ರ ಸಿನಿಮಾದ್ದು, ನಾನು ಆಗ ಹುಟ್ಟಿರಲಿಲ್ಲ. 2024ರ ಶುರುವಿನಲ್ಲಿ ರೀಲ್ಸ್‌ನಲ್ಲಿ ಮತ್ತೆ ಎದ್ದು ಬಂತು. ನಮ್ಮ ಕ್ಲಾಸಲ್ಲಿ ಯಾವ ವಸ್ತುವಿಗೂ ‘ಈ ಪೆನ್ನಿನ ಮಾಲೀಕ ಯಾರು?’ ಅಂತ ಕೇಳೋದು ಅಲ್ಲಿಂದ. ಈಗ ಕಡಿಮೆಯಾಗಿದೆ.

ಕೌಲ್‌ಬಜಾರ್ ಓದುಗ

ಇಷ್ಟು ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಕೊಪ್ಪಳ ಕೋಟೆ ಅವರ ಪ್ರಶ್ನೆ ನನ್ನನ್ನು ಬಹಳ ಕಾಡಿತು. ನಮ್ಮ ಮಾತು ಹೊರಗೆ ಹೋಗಬೇಕು ಅಂದರೆ ಮೊದಲು ಅದು ಎಲ್ಲಾದರೂ ಸಿಗಬೇಕು. ಕಥೆ ಬರೆಯುವವನಿಗೆ, ಸಿನಿಮಾ ಸಂಭಾಷಣೆ ಬರೆಯುವವನಿಗೆ ಬಳ್ಳಾರಿ ಹುಡುಗಿ ಹೇಗೆ ಬೈತಾಳೆ, ಮಾನ್ವಿ ರೈತ ಹೇಗೆ ನಗ್ತಾನೆ ಅಂತ ಗೊತ್ತಾಗಲು ಒಂದು ಜಾಗ ಬೇಕು. ಅದಕ್ಕೆ ಇಲ್ಲೇ ಸೇರಿಸುತ್ತಾ ಹೋಗೋಣ. ಮಾತು, ಊರು, ಎಲ್ಲಿಂದ ಬಂತು, ಯಾರು ಯಾರಿಗೆ ಅಂತಾರೆ, ಒಂದು ಪೂರ್ತಿ ವಾಕ್ಯ. ನೋವು ಮಾಡುವ ಮಾತಾದರೆ ಅದೂ ಬರೆಯಿರಿ. ಅರ್ಥ ಮಾತ್ರ ಬರೆದು ಬಿಡಬೇಡಿ, ವಾಕ್ಯ ಇಲ್ಲದೆ ಮಾತಿಗೆ ಜೀವ ಇರಲ್ಲ.

ತೀನ್ ಕಂದೀಲ್ ಮೇಷ್ಟ್ರು

ಸರಿಯಾದ ಕ್ರಮ. ಪ್ರೊ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದಪ್ರಶ್ನೆಗೆ ಉತ್ತರ ಕೊಟ್ಟರು. ಯಾರು ಕೇಳಿದರೂ ಸಣ್ಣ ಪ್ರಶ್ನೆ ಅಂತ ತಳ್ಳಲಿಲ್ಲ. ನಾನು ವಾರಕ್ಕೊಮ್ಮೆ ಕೂತು ಇಲ್ಲಿ ಬಂದದ್ದನ್ನು ಅಕಾರಾದಿಯಾಗಿ ಜೋಡಿಸುತ್ತೇನೆ. ಉರ್ದು ಮೂಲದ ಮಾತು ನೋಡಿ ಹೇಳುವವರು ಯಾರಾದರೂ ಬೇಕು. ತೆಲುಗಿಗೆ ಸಿರುಗುಪ್ಪದ ತಮ್ಮ ಇದ್ದಾರೆ.

ಸಿರುಗುಪ್ಪ ಭತ್ತದವ

ಇದ್ದೇನೆ ಸರ್. ಕಟಾವು ಮುಗಿದ ಮೇಲೆ ಪೂರ್ತಿ ಸಮಯ ಕೊಡುತ್ತೇನೆ.

ಸಿಂಧನೂರು ರೇಡಿಯಂ

ಮೇಷ್ಟ್ರೇ, ಇವತ್ತು ಒಂದು ಟ್ರಾಲಿ ಬಂದಿತ್ತು. ‘ಹವಾ’ ಇನ್ನೂ ಓದೋಕೆ ಬರುತ್ತೆ. ಫೋಟೋ ತೆಗೆದಿದ್ದೇನೆ, ನಂಬರ್ ಪ್ಲೇಟ್ ಮುಚ್ಚಿ ಹಾಕುತ್ತೇನೆ.

ಜೀನ್ಸ್ ಯೂನಿಟ್ ಅಕ್ಕ

ಮೊದಲನೆಯದು ನನ್ನದೇ ಬರಲಿ. ಮಾತು: ಕಳಪೆ. ಊರು: ಬಳ್ಳಾರಿ. ಎಲ್ಲಿಂದ: ಬಿಗ್ ಬಾಸ್. ಯಾರು ಯಾರಿಗೆ: ಮಷಿನ್ ಸಾಲಿನ ಹೆಂಗಸರು ತಮಗೆ ತಾವೇ. ವಾಕ್ಯ: ‘ಹನ್ನೊಂದು ಆಲ್ಟರ್ ಬಂತು ಕಣ್ರೆ, ಇವತ್ತಿನ ಕಳಪೆ ನಾನೇ, ನಾಳೆ ಚಹಾ ನಂದು.’ ನೋವು: ಮಕ್ಕಳಿಗೆ ಅನ್ನಬಾರದು.